ಡಾಕ್ಟರರು ಕಲಿತ ಒಂದು ಪದ

ಸೌದಿಯ ದಮ್ಮಾಮಿನ ಕ್ಲಿನಿಕ್ಕಿನಲ್ಲಿ ನಾನು ಕಂಪೌಂಡರನಾಗಿದ್ದಾಗ ಇಟಲಿಯ ಡಾಕ್ಟರೊಬ್ಬರಿದ್ದರು. ನನ್ನಿಂದ ಅವರು ಕಲಿತ ಕನ್ನಡ ಒಂದೇ ಪದ: “ಮತ್ತೆ?” ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಮ್ಮೂರಿನ ರೋಗಿಗಳನ್ನೆಲ್ಲ ಹಾಗೆಯೇ ಕೇಳುವರು.

ಎದೆನೋವೆಂದು ಬಂದ ಉಡುಪಿಯ ವೆಲ್ಡರ್ ಒಬ್ಬ ಮೂರನೆಯ “ಮತ್ತೆ?”ಗೆ ಅತ್ತೇಬಿಟ್ಟ. “ನಾನಿಲ್ಲಿ ಬಂದ ಮೇಲೆ ಹುಟ್ಟಿದ ಮಗಳು. ಅವಳ ಸ್ವರ ಊರಿಂದ ಬಂದ ಕ್ಯಾಸೆಟ್ಟಲ್ಲಿ ಕೇಳಿದ್ದು ಮಾತ್ರ ಡಾಕ್ಟ್ರೇ, ಮುಖ ನೋಡ್ಲಿಕ್ಕೇ ಆಗ್ಲಿಲ್ಲ.” ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರರು ಮದ್ದಿನ ಚೀಟಿಯಲ್ಲಿ ಗೀಚಿದರು: ‘ಊರು, ಒಂದು ತಿಂಗಳು.’

ಆಮೇಲೆ ಅವರು ಡಾಕ್ಟರಿಕೆ ಬಿಟ್ಟು ಕಾದಂಬರಿಕಾರರಾದರು. ಅಂಚೆಯಲ್ಲಿ ನನಗೊಂದು ಪುಸ್ತಕ ಬಂತು. ಇಟಲಿಯ ಭಾಷೆ, ಒಂದಕ್ಷರ ತಿಳಿಯದು. ಮೊದಲ ಪುಟದಲ್ಲಿ ಮಾತ್ರ ಅದೇ ಮದ್ದಿನ ಚೀಟಿಯ ಗೀಚು, ಇಂಗ್ಲಿಷಿನಲ್ಲಿ: ‘ದಿನಕ್ಕೊಂದು ಪುಟ, ಊಟದ ನಂತರ.’ ಹಾಗೆಯೇ ತಿರುವುತ್ತ ಬಂದೆ. ಕೊನೆಯ ಪುಟ ಮುಗಿದ ದಿನ ಬಾಯಿಂದ ತಾನಾಗಿ ಬಂತು: “ಮತ್ತೆ?”