ಕುದುರೆಯ ಕಾಲಡಿಯ ಜರಿ

ಹೋದ ಮಾಘದಲ್ಲಿ, ಒಂದು ಮಂಗಳವಾರ, ಊಟದ ಹೊತ್ತು ಕಳೆದ ಮೇಲೆ, ಮೊಳಕಾಲ್ಮೂರಿನ ನೇಕಾರ ನಾಗಣ್ಣನ ಮನೆಯಲ್ಲಿ, ಮಗ್ಗದ ಗುಂಡಿಗೂ ಕಿಟಕಿಗೂ ನಡುವೆ ನಾನು ನಿಂತಿದ್ದೆ. ಬಲಗೈಯಲ್ಲಿ ಭೂತಗನ್ನಡಿ, ಎಡಗೈಯಲ್ಲಿ ಟಾರ್ಚು. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆವತ್ತು ನಡೆದದ್ದನ್ನು ಚಳ್ಳಕೆರೆಯಲ್ಲಿ ಒಂದು ಥರ ಹೇಳುತ್ತಾರೆ, ಮೊಳಕಾಲ್ಮೂರಿನಲ್ಲಿ ಇನ್ನೊಂದು ಥರ. ಹೇಳುವವರು ಯಾರೂ ಅಲ್ಲಿರಲಿಲ್ಲ. ನಾನಿದ್ದೆ.

ಈವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬಂತು. ಚಳ್ಳಕೆರೆಯವರ ಮೂಗಿಗೆ ಅದು ವಾಸನೆಯೇ ಅಲ್ಲ, ಬರೀ ಗಾಳಿ. ನಾನೂ ಇಷ್ಟು ವರ್ಷ ಹಾಗೇ ಇದ್ದವನು. ಈಗ ಆ ವಾಸನೆ ಬಂದರೆ ನಿಂತುಬಿಡುತ್ತೇನೆ. ನಾಗಣ್ಣನ ಮನೆಯಲ್ಲಿದ್ದ ಕುದುರೆ ಚಿತ್ರದ ಮೈಯೂ ಹೀಗೇ ನಾರುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಟ್ಟು ನಿವೃತ್ತನಾದವನು. ಕುದುರೆ ಚಿತ್ರಗಳ ಹುಚ್ಚು ಹಳೆಯದು. ಕುದುರೆಯ ಮೇಲೆ ಒಮ್ಮೆಯೂ ಕೂತಿಲ್ಲ. ಎಮ್ಮೆ ಮೇಲೆ ಕೂತು ಬಿದ್ದ ನೆನಪಿದೆ, ಅಷ್ಟೇ. ನನ್ನ ಗೆಳೆಯ ರುದ್ರಪ್ಪ ಎಣ್ಣೆ ಮಿಲ್ಲಿನವನು. ಅವನ ಹುಚ್ಚಿಗೆ ನನ್ನದನ್ನು ಹೋಲಿಸುವಂತಿಲ್ಲ. ಮಿಲ್ಲಿನ ಆಫೀಸಿನ ಗೋಡೆ ತುಂಬ ಹಳೆಯ ಕಲ್ಲಚ್ಚಿನ ಚಿತ್ರಗಳು, ಎಣ್ಣೆಬಣ್ಣದ ಚಿತ್ರಗಳು, ಎಲ್ಲದರಲ್ಲೂ ಕುದುರೆ. ರಥಕ್ಕೆ ಕಟ್ಟಿದವು, ಯುದ್ಧಕ್ಕೆ ಹೊರಟವು, ಸುಮ್ಮನೆ ನಿಂತವು. ಲೋಡಿನ ಲೆಕ್ಕಕ್ಕೆ ಬಂದ ರೈತರು, "ಇಷ್ಟೊಂದು ಕುದ್ರೆ ಸಾಕೀಯಲ್ಲ ಸಾವ್ಕಾರ, ಹುರುಳಿ ಎಲ್ಲಿಂದ ತರ್ತೀಯಾ?" ಎಂದು ರೇಗಿಸುತ್ತಿದ್ದರು.

ಚಿತ್ರ ತರುವುದು ಅವನು, ಅಸಲಿಯೋ ಅಚ್ಚೋ ಎಂದು ಹೇಳುವುದು ನಾನು. ಅಚ್ಚಿನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಕೈಯಲ್ಲಿ ಬರೆದದ್ದು ಒಡೆಯುವುದಿಲ್ಲ, ಕುಂಚದ ಜಾಡು ಕಾಣುತ್ತದೆ. ಬೆರಳಿನಿಂದ ಸವರಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಎಣ್ಣೆಬಣ್ಣದಂತೆ ಕಾಣಲೆಂದು ಅಚ್ಚಿನವರು ಕಾಗದದ ಮೇಲೆ ಬಟ್ಟೆಯ ನೇಯ್ಗೆಯಂಥ ಗೀರು ಒತ್ತುತ್ತಿದ್ದರು. ನಾನು ಭೂತಗನ್ನಡಿ ಕೆಳಗಿಟ್ಟು ಒಂದೇ ಮಾತು ಹೇಳುತ್ತಿದ್ದೆ. ಆ ಒಂದು ಮಾತಿನ ಬಗ್ಗೆ ನನಗೆ ತಕ್ಕಮಟ್ಟಿಗೆ ಜಂಬವೂ ಇತ್ತು.

ನಾಗಣ್ಣನ ಮನೆಯ ಚಿತ್ರ ಮಾತ್ರ ಆ ಒಂದು ಮಾತಿಗೆ ಸಿಗಲಿಲ್ಲ. ಬಿಳಿ ಕುದುರೆ, ಮೇಲೆ ಕತ್ತಿ ಹಿಡಿದ ಸವಾರ. ಮನೆಯವರಿಗೆ ಅದು ಕುದುರೆಸ್ವಾಮಿ, ಮನೆದೇವರು. ಅದೇ ಕುದುರೆಯ ಅಚ್ಚು ರುದ್ರಪ್ಪನ ಹತ್ತಿರವೂ ಇತ್ತು. ಆದರೆ ಇಲ್ಲಿ ಕುದುರೆ ಕತ್ತನ್ನು ಇನ್ನೂ ಸ್ವಲ್ಪ ಹಿಂದಕ್ಕೆ ತಿರುಗಿಸಿತ್ತು. ಅಚ್ಚುಗಳಿಗೆಲ್ಲ ಮೂಲವಾದ ಚಿತ್ರ ಇದೇ ಎಂದು ರುದ್ರಪ್ಪನ ನಂಬಿಕೆ. ಅಚ್ಚಿನ ಮೇಲೆ ಯಾರೋ ಬಣ್ಣ ಬಳಿದಿರಬಹುದೆಂದು ನನ್ನ ಅನುಮಾನ. ಪ್ರತಿ ಅಮಾವಾಸ್ಯೆಗೂ ಹೊಳಪು ಬರಲೆಂದು ಶೇಂಗಾ ಎಣ್ಣೆಯಲ್ಲಿ ಒರೆಸಿ ಒರೆಸಿ, ಅದರ ಮೇಲೆ ದೀಪದ ಮಸಿ ಕೂತು, ಚಿತ್ರದ ಮೇಲೆ ಬೆಲ್ಲದ ಪಾಕದಂಥ ಪದರ ಕಟ್ಟಿತ್ತು. ಭೂತಗನ್ನಡಿಗೆ ಆ ಪಾಕ ಬಿಟ್ಟು ಬೇರೇನೂ ಕಾಣಲಿಲ್ಲ.

ಉಳಿದದ್ದು ಒಂದೇ ದಾರಿ. ಅಚ್ಚಾಗಿದ್ದರೆ ಕೆಳಗಿನ ಅಂಚಿನಲ್ಲಿ ಅಚ್ಚುಕೂಟದ ಹೆಸರಿರಬೇಕು. ಆ ಅಂಚಿನ ತುಂಬ ಜರಿ ಅಂಟಿಸಿತ್ತು. ಆ ಮನೆಗೆ ಬಂದ ಪ್ರತಿ ಸೊಸೆಯೂ ತನ್ನ ಧಾರೆ ಸೀರೆಯ ಒಳತುದಿಯಿಂದ ಬೆರಳಗಲದ ಜರಿಯ ತುಣುಕು ಕತ್ತರಿಸಿ, ಮಗ್ಗದ ಗಂಜಿಯಲ್ಲಿ ಕುದುರೆಯ ಕಾಲಡಿಗೆ ಅಂಟಿಸಬೇಕು. ಕುದುರೆಗೆ ದಾರಿ ಹಾಸುವುದು ಎನ್ನುತ್ತಾರೆ. ಆಗ ಬಾಗಿಲು ಮುಚ್ಚಿರುತ್ತದೆ, ಒಳಗೆ ಹೆಂಗಸರು ಮಾತ್ರ. ಗಂಡಸರು ನೋಡುವಂತಿಲ್ಲ.

ಮೂಲಚಿತ್ರವೇ ಆದರೆ ಅದು ರುದ್ರಪ್ಪನಿಗೆ, ನಾಗಣ್ಣನಿಗೆ ಎರಡು ಹೊಸ ಮಗ್ಗ ಎಂದು ಮಾತಾಗಿತ್ತು. ನಾಗಣ್ಣನ ಹೆಂಡತಿ ಯಶೋದಾ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಅವಳಿದ್ದಾಗ ಮನೆಯಲ್ಲಿ ಇಬ್ಬರು ನೇಯುತ್ತಿದ್ದರು, ಈಗ ಇವನೊಬ್ಬನೇ. ಮಗ್ಗದ ಮರವೂ ಹುಳು ಹಿಡಿದಿತ್ತು. ಅವನ ತಾಯಿ ಗಂಗಮ್ಮನವರು ಬೇಡವೆನ್ನಲಿಲ್ಲ. "ಮಾಡ್ಕಳ್ರಪ್ಪ, ನಾನು ನೋಡಲ್ಲ" ಎಂದು ಅಡಿಗೆಮನೆಗೆ ಹೋದರು.

ಚಿತ್ರವನ್ನು ಮಗ್ಗದ ಗುಂಡಿಯ ಪಕ್ಕದ ಮಂಚದ ಮೇಲೆ ಮಲಗಿಸಿದೆವು. ರುದ್ರಪ್ಪ ಎಡಬದಿಗೆ ಮಂಡಿಯೂರಿದ. ಅವನ ಕೈಯಲ್ಲಿ ಹಿಡಿಯಿದ್ದ ತೆಳುವಾದ ಬ್ಲೇಡು. ನಾಗಣ್ಣ ಅವನ ಎದುರಿಗೆ. ನಾನು ಬಗ್ಗಿ ಟಾರ್ಚು ಹಿಡಿದೆ.

"ಎಲ್ಲಿಂದ ತೆಗೀಲಿ, ನೀನೇ ಹೇಳಪ್ಪ" ಎಂದ ರುದ್ರಪ್ಪ.

"ಎಡಗಡೆ ತುದೀಲಿ ತೆಗೀರಿ. ಅವೆಲ್ಲ ನಮ್ಮ ಮುತ್ತಜ್ಜಿ ಕಾಲದವು. ಯಾರವು ಅಂತ ಯಾರಿಗ್ ನೆಪ್ಪೈತೆ? ಈಚಿನವು ಬಲಕ್ಕವೆ, ಅವನ್ನ ಮುಟ್ಟಬ್ಯಾಡ್ರಿ."

ನಮಗದು ಸರಿ ಎನ್ನಿಸಿತು. ಸಾಲು ಎಡದಿಂದ ಬಲಕ್ಕೆ ತುಂಬುತ್ತದೆ. ಹಾಗಾಗಿ ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಮೂವರು ಗಂಡಸರು ಸೇರಿ ಲೆಕ್ಕ ಹಾಕಿದೆವು. ಗೊತ್ತಿದ್ದವರು ಗೋಡೆಯಾಚೆ ಒಲೆಯ ಮುಂದೆ ಕೂತಿದ್ದರು. ಯಾರೂ ಕೇಳಲಿಲ್ಲ.

ಒದ್ದೆ ಹತ್ತಿ ಇಟ್ಟು ಗಂಜಿ ಮೆತ್ತಗಾಗುವವರೆಗೆ ಕಾದೆವು. ಪಕ್ಕದ ಮನೆಯ ಮಗ್ಗದ ಸದ್ದು ಬರುತ್ತಿತ್ತು. ರುದ್ರಪ್ಪ ಬ್ಲೇಡಿನ ತುದಿಯನ್ನು ಮೊದಲ ತುಣುಕಿನಡಿಗೆ ತೂರಿಸಿದ. ಜರಿ ಉಗುರಿನಷ್ಟು ಎದ್ದಿತು.

ಆಗ ಗಂಗಮ್ಮನವರು ಚಹಾದ ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದರು. ಬ್ಲೇಡು ಎಲ್ಲಿದೆ ಎಂದು ನೋಡಿದರು. ಗಾಬರಿಯಲ್ಲಿ ಮನೆಯ ತೆಲುಗೇ ಮೊದಲು ಬಾಯಿಗೆ ಬಂತು.

"ವದ್ದು! ವದ್ದು ಸಾವ್ಕಾರ್ರೇ, ಬ್ಯಾಡ! ಲೇ ನಾಗಾ, ಅದು ಯಶೋದಂದು ಕಣೋ! ಸಾಲು ತುಂಬಿದ ಮ್ಯಾಲೆ ತಿರುಗಾ ಎಡದಿಂದ ಸುರು ಮಾಡೀವಿ, ಹಳೇದರ ಮ್ಯಾಲೇ!"

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ರುದ್ರಪ್ಪ ಕೈ ಎಳೆದುಕೊಳ್ಳಲಿಲ್ಲ, ಮುಂದಕ್ಕೂ ಒತ್ತಲಿಲ್ಲ. ನಾಗಣ್ಣನ ಎಡಗೈ ಮಂಚವನ್ನು ದಾಟಿ ಬಂತು. ಅವನು ರುದ್ರಪ್ಪನ ಮಣಿಕಟ್ಟು ಹಿಡಿಯಲಿಲ್ಲ, ಬ್ಲೇಡನ್ನೇ ಮುಷ್ಟಿಯಲ್ಲಿ ಹಿಡಿದ. ಹಿಡಿದು, ಜರಿಗೆ ತಾಗದಂತೆ ನಿಧಾನವಾಗಿ, ಬಹಳ ನಿಧಾನವಾಗಿ ಹಿಂದಕ್ಕೆ ತಂದ. ರುದ್ರಪ್ಪ "ಬಿಡಪ್ಪ, ಬಿಡೋ ಮಾರಾಯ" ಎನ್ನುತ್ತಲೇ ಇದ್ದ. ನಾಗಣ್ಣ ಚಿತ್ರದಿಂದ ಮೊಳ ದೂರ ಬರುವವರೆಗೂ ಬಿಡಲಿಲ್ಲ. ರಕ್ತ ಮೊಣಕೈವರೆಗೆ ಇಳಿದು ಮಗ್ಗದ ಗುಂಡಿಗೆ ತೊಟ್ಟಿಕ್ಕಿತು.

ಗಂಗಮ್ಮನವರು ಸೆರಗು ಹರಿದು ಅವನ ಕೈಗೆ ಬಿಗಿದರು. ಆಮೇಲೆ ಹೆಬ್ಬೆರಳಿನಲ್ಲಿ ಗಂಜಿ ತಂದು ಎದ್ದ ತುಣುಕನ್ನು ಒತ್ತಿ ಕೂರಿಸಿದರು. ಲೋಟಗಳು ಬಾಗಿಲಲ್ಲೇ ಉರುಳಿದ್ದವು.

ನಾಗಣ್ಣನ ಕೈ ಕತ್ತರಿಸಿದ್ದು ರುದ್ರಪ್ಪ ಎಂದು ಮೊಳಕಾಲ್ಮೂರಿನಲ್ಲಿ ಹೇಳುತ್ತಾರೆ. ಮಾತಿಗೆ ತಪ್ಪಿ ರುದ್ರಪ್ಪನ ಮೈಮೇಲೆ ಬಿದ್ದದ್ದು ನಾಗಣ್ಣ ಎಂದು ಚಳ್ಳಕೆರೆಯಲ್ಲಿ. ಎರಡೂ ನಿಜವಲ್ಲ. ರುದ್ರಪ್ಪ ನನ್ನನ್ನು ಬೇರೆಯದನ್ನೇ ಕೇಳುತ್ತಾನೆ. "ಟಾರ್ಚು ನಿನ್ ಕೈಯಾಗಿತ್ತಲ್ಲ ಮೇಷ್ಟ್ರೇ. ಎದ್ದಾಗ ಕೆಳಗೇನ್ ಕಂಡ್ತು? ಅಕ್ಷರ ಇತ್ತೋ, ಇಲ್ಲೋ?" ಕಂಡದ್ದು ಕಪ್ಪಗಾದ ಇನ್ನೊಂದು ಜರಿ. ಅದರಡಿ ಏನಿದೆಯೋ ನಾನು ನೋಡಿಲ್ಲ. ಹಾಗೆಂದರೆ ಅವನು ನಂಬುವುದಿಲ್ಲ. ಮಗ್ಗಗಳ ಮಾತು ಅಲ್ಲಿಗೇ ನಿಂತಿತು. ನಾಗಣ್ಣನ ಎಡಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ. ನೇಯುತ್ತಾನೆ, ತಿಂಗಳಲ್ಲಿ ಮುಗಿಯುತ್ತಿದ್ದ ಸೀರೆಗೆ ಈಗ ಹೆಚ್ಚು ದಿನ ಹಿಡಿಯುತ್ತದೆ.

ಗಂಗಮ್ಮನವರು ಶ್ರಾವಣದಲ್ಲಿ ಮಲಗಿದಲ್ಲೇ ಹೋದರು. ಹೋದ ವಾರ ನಾಗಣ್ಣ ಫೋನು ಮಾಡಿ ನನ್ನನ್ನು ಕರೆಸಿಕೊಂಡ. ಚಿತ್ರ ಗೋಡೆಯಲ್ಲಿತ್ತು.

"ಮೇಷ್ಟ್ರೇ, ಅವ್ವಂದು ಯಾವ್ದು? ನಿಮ್ ಕನ್ನಡಿ ಹಿಡಿದು ನೋಡಿ ಹೇಳ್ರಿ."

ನೋಡಿದೆ. ಎಡತುದಿಯಿಂದ ಬಲತುದಿಯವರೆಗೆ, ತುಣುಕು ತುಣುಕಾಗಿ, ಕಣ್ಣು ನೀರಾಡುವವರೆಗೆ ನೋಡಿದೆ. ಗಂಗಮ್ಮನವರ ಓರಗಿತ್ತಿಯರವೂ ಆ ಸಾಲಿನಲ್ಲೇ ಇದ್ದವು, ಯಾವುದಕ್ಕೂ ಗುರುತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಭೂತಗನ್ನಡಿ ಕೆಳಗಿಟ್ಟು, ಗೊತ್ತಾಗುತ್ತಿಲ್ಲ ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಕಷ್ಟವಾಗಲಿಲ್ಲ. ಕೇಳಿಸಿಕೊಳ್ಳುವವನ ಮುಖ ನೋಡುವುದು ಕಷ್ಟವಾಯಿತು.

"ಇರ್ಲಿ ಬಿಡ್ರಿ" ಎಂದ. "ಇಲ್ಲೇ ಎಲ್ಲೋ ಐತೆ."

ಆವತ್ತು ಆ ಮನೆಯಲ್ಲಿದ್ದವರಲ್ಲಿ ಚಳ್ಳಕೆರೆಯ ರುದ್ರಪ್ಪ ಇದ್ದಾನೆ, ಮೊಳಕಾಲ್ಮೂರಿನ ನಾಗಣ್ಣ ಇದ್ದಾನೆ, ನಾನಿದ್ದೇನೆ. ನಡೆದದ್ದನ್ನು ಮೂವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಯಾವ ಜರಿ ಯಾರದೆಂದು ಕೇಳಲು ಈಗ ಯಾರೂ ಇಲ್ಲ.