ಒಂದು ಬೆರಳ ತಗ್ಗು

ಮೇಸ್ತ್ರಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಐವತ್ತು ವರ್ಷ ಮಂಡಿಯೂರಿಯೇ ಕಳೆದವರು. ಹದಿನಾರನೇ ವಯಸ್ಸಿಗೆ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿ, ಆಮೇಲೆ ಕರಣೆ ಕೈಗೆ ಬಂದು, ಊರಿನ ಅರ್ಧಕ್ಕರ್ಧ ಮನೆಗಳ ನೆಲಕ್ಕೆ ಟೈಲ್ಸ್ ಹಾಸಿದವರು. ಹಾಸಿದ ಮೇಲೆ ಬೆರಳ ಗೆಣ್ಣಿನಿಂದ ಒಂದೊಂದು ಟೈಲನ್ನೂ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಅಡಿಯಲ್ಲಿ ಪೊಳ್ಳಿದ್ದರೆ ಸದ್ದು ಬೇರೆಯಾಗುತ್ತದೆ. ಪೊಳ್ಳು ಕೇಳಿಸಿತೋ ಮುಗಿಯಿತು, ಮನೆಯವರು ಬೇಡ ಬೇಡವೆಂದರೂ ಅದನ್ನು ಕಿತ್ತು ಮತ್ತೆ ಹಾಸಿಯೇ ಎದ್ದು ಹೋಗುತ್ತಿದ್ದರು. ನೆಲ ಸಮವಾಗಿದೆಯೇ ಎಂದು ನೋಡಲು ಬೇರೆಯವರು ರಸಮಟ್ಟ ಇಡುತ್ತಾರಲ್ಲ, ಗಾಜಿನ ನಳಿಕೆಯೊಳಗೆ ಗುಳ್ಳೆ ಓಡಾಡುವ ಆ ಪಟ್ಟಿ, ಅದು ಇವರಿಗೆ ಬೇಕಿರಲಿಲ್ಲ. ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕಿತ್ತು.

ಮಂಡಿ ಸವೆದು ಕೆಲಸ ಬಿಟ್ಟ ಮೇಲೆ ಆ ಕಣ್ಣು ಮನೆಯೊಳಗೆ ತಿರುಗಿತು. ಪಾತ್ರೆ ಸ್ಟ್ಯಾಂಡು ಓರೆಯಾಗಿದೆ, ಕ್ಯಾಲೆಂಡರು ವಾಲಿದೆ, ಕಿಟಕಿ ಪರದೆ ಒಂದು ಕಡೆ ಗಿಡ್ಡ. ಹೆಂಡತಿಗೆ ಸಾಕುಸಾಕಾಗಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಬೀದಿಯ ಲೆಕ್ಕದ ಮೇಷ್ಟ್ರು ಬಂದರು.

ಮೇಷ್ಟ್ರು ತಂದ ಸುದ್ದಿ ಇದು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿದೆ, ಗಾಲಿಕುರ್ಚಿಯಲ್ಲೇ ಓಡಾಟ. ಅವರಿಬ್ಬರಿಗೂ ಮೆಟ್ಟಿಲಿಲ್ಲದ ಮನೆಯೊಂದನ್ನು ಬೀದಿಯವರೇ ಸೇರಿ ಕಟ್ಟುತ್ತಿದ್ದರು. ಗೋಡೆ, ಮಾಡು ಎದ್ದಿತ್ತು. ನೆಲ ಆಗಬೇಕಿತ್ತು.

"ಕೂಲಿ ಇಲ್ಲ ಮೇಸ್ತ್ರೀ, ಎಲ್ಲ ಬಿಟ್ಟಿ. ಊಟ ಮಾತ್ರ ಕೊಡ್ತೀವಿ" ಎಂದರು ಮೇಷ್ಟ್ರು.

ಮೇಸ್ತ್ರಿ ಮಂಡಿ ನೀವಿಕೊಂಡರು. ಹೆಂಡತಿ ಒಳಗಿಂದಲೇ ಕೂಗಿದಳು: "ಕರ್ಕೊಂಡು ಹೋಗಿ ಮೇಷ್ಟ್ರೇ! ನಿಮಗೆ ಪುಣ್ಯ ಬರುತ್ತೆ. ಒಂದು ವಾರ ನಾನೂ ಕ್ಯಾಲೆಂಡರನ್ನ ನನಗೆ ಬೇಕಾದ ಹಾಗೆ ನೇತು ಹಾಕ್ಕೋತೀನಿ."

ಹಾಗೆಂದವಳೇ ಹಳೆಯ ದಿಂಬೊಂದನ್ನು ಕತ್ತರಿಸಿ, ಮಂಡಿಗೆ ಕಟ್ಟಿಕೊಳ್ಳಲು ಎರಡು ಮೆತ್ತೆ ಹೊಲಿದು ಕೊಟ್ಟಳು.

ಸೋಮವಾರ ಕೆಲಸ ಶುರುವಾಯಿತು. ಕೆಲಸಗಾರರೆಂದರೆ ಮೇಷ್ಟ್ರು, ರಜೆ ಹಾಕಿ ಬಂದ ಬಸ್ ಡ್ರೈವರು, ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಮೂವರೂ ಅಲ್ಲಿಯವರೆಗೆ ಟೈಲ್ಸ್ ಮೇಲೆ ನಡೆದವರೇ ಹೊರತು ಹಾಸಿದವರಲ್ಲ. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಹೆಂಗಸಿನ ಮಗಳೂ ತಾಯಿಯ ಜೊತೆ ನೋಡಲು ಬಂದಳು. ಗಡಿಯಾರ ರಿಪೇರಿ ಮಾಡುವ ಹುಡುಗಿ. ಕುರ್ಚಿಯ ಕೈಗೆ ಸಿಕ್ಕಿಸಿದ ಚೀಲದಲ್ಲಿ ಯಾರದೋ ಅಲಾರಂ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ತಾತ, ನಂಗೆ ಒಂದೇ ಒಂದು ಬೇಕು" ಎಂದಳು.

"ಏನಮ್ಮ, ಹೂವಿನ ಡಿಸೈನಾ?"

"ಬಚ್ಚಲುಮನೆಗೆ ನಾನೊಬ್ಬಳೇ ಹೋಗ್ಬೇಕು, ಒಳಗಿಂದ ಚಿಲಕ ಹಾಕ್ಕೋಬೇಕು, ಸ್ನಾನ ಮುಗಿಸಿ ನಾನೊಬ್ಬಳೇ ಆಚೆ ಬರ್ಬೇಕು. ಎರಡು ವರ್ಷದಿಂದ ಅಮ್ಮ ಎತ್ಕೊಂಡು ಹೋಗಿ ಕೂರಿಸಿ ಬಾಗಿಲಲ್ಲೇ ನಿಂತಿರ್ತಾಳೆ. ನಂಗೆ ಇಪ್ಪತ್ಮೂರು ವರ್ಷ ತಾತ."

"ನಾನೇನು ಹೊರಗಿನವಳೇನೇ?" ಎಂದಳು ತಾಯಿ, ಬೆನ್ನಿಗೆ ಕೈ ಒತ್ತಿಕೊಂಡೇ.

ಮೇಸ್ತ್ರಿ ಕರಣೆ ಎತ್ತಿ ತೋರಿಸಿದರು. "ಅಷ್ಟೇ ತಾನೆ? ಆಯ್ತು ಅಂದ್ಕೋ. ಒಂದು ಹನಿ ನೀರೂ ಆಚೆ ಬರದ ಹಾಗೆ ಮಾಡಿಕೊಡ್ತೀನಿ."

ಮಾತು ನೀರಿನ ಕಡೆ ಹೋದದ್ದನ್ನು ಆಗ ಯಾರೂ ಗಮನಿಸಲಿಲ್ಲ.

ಕೆಲಸ ನಗುನಗುತ್ತಲೇ ಸಾಗಿತು. ಡ್ರೈವರು ಸಿಮೆಂಟು ಕಲೆಸುತ್ತ ತಿರುವಿನಲ್ಲಿ ಬಸ್ಸು ತಿರುಗಿಸುವವರ ಹಾಗೆ ಸಲಿಕೆ ತಿರುಗಿಸುತ್ತಿದ್ದರು. ಎರಡು ಟೈಲ್ಸ್ ನಡುವೆ ಸಂದು ಒಂದೇ ಅಳತೆಗೆ ಬರಲೆಂದು ಇಡುವ ಪ್ಲಾಸ್ಟಿಕ್ ಚೂರುಗಳನ್ನು ನರ್ಸಮ್ಮ ಸೂಜಿ ಚುಚ್ಚುವಷ್ಟು ಹುಷಾರಾಗಿ ಇಡುತ್ತಿದ್ದರು. ಹಸಿ ನೆಲದ ಮೇಲೆ ಯಾರದಾದರೂ ಕಾಲು ಬಿತ್ತೋ, "ಯಾರ್ರೀ ಅದು, ಕಣ್ಣು ಮನೇಲಿಟ್ಟು ಬಂದಿದ್ದೀರಾ!" ಎಂದು ಮೇಸ್ತ್ರಿ ಗುಡುಗುತ್ತಿದ್ದರು. ಕೋಣೆಯಿಂದ ಕೋಣೆಗೆ ಹೊಸ್ತಿಲಿಲ್ಲ. ಬುಧವಾರ ಡ್ರೈವರು ನಡುಮನೆಯಲ್ಲಿ ಗೋಲಿಯೊಂದನ್ನು ಇಟ್ಟು ನೋಡಿದರು. ಇಟ್ಟಲ್ಲೇ ಕೂತಿತು.

"ನಮ್ಮ ಡಿಪೋದಲ್ಲಿ ಇಟ್ಟಿದ್ರೆ ಇಷ್ಟೊತ್ತಿಗೆ ಮುಂದಿನ ಸ್ಟಾಪಿನಲ್ಲಿರ್ತಿತ್ತು" ಎಂದರು.

ಬಚ್ಚಲುಮನೆಯ ಕೆಲಸವನ್ನು ಮೇಸ್ತ್ರಿ ಯಾರಿಗೂ ಬಿಡಲಿಲ್ಲ. ಬುಧವಾರ ಮಧ್ಯಾಹ್ನ ಒಬ್ಬರೇ ಒಳಗೆ ಹೋಗಿ ಕೂತರು. ಮೇಷ್ಟ್ರು ಬರೆದ ನಕ್ಷೆ ಅಲ್ಲೇ ಗೋಡೆಯ ಮೊಳೆಗೆ ಸಿಕ್ಕಿಸಿತ್ತು, ಅದರಲ್ಲಿ ಬಚ್ಚಲ ಬಾಗಿಲ ಬಳಿ ಕೆಂಪು ಶಾಯಿಯ ಗುರುತೂ ಇತ್ತು. ಸೆಕೆಯೆಂದು ಮೇಸ್ತ್ರಿ ಅಂಗಿ ಬಿಚ್ಚಿ ಆ ಮೊಳೆಗೇ ನೇತುಹಾಕಿದರು. ಐವತ್ತು ವರ್ಷ ಮಾಡಿದ ಕೈಗೆ ಕಾಗದವೇಕೆ? ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಯಿತು. ಗುರುವಾರ, ಶುಕ್ರವಾರ ನೆಲ ಒಣಗಿತು.

ಶನಿವಾರ ಬೆಳಿಗ್ಗೆ ಹುಡುಗಿಯ ಪರೀಕ್ಷಾರ್ಥ ಸವಾರಿ. ಸೋಮವಾರ ತಾಯಿ ಮಗಳು ಹಳೆ ಮನೆ ಬಿಟ್ಟು ಇಲ್ಲಿಗೆ ಬರಬೇಕಿತ್ತು. ಬಾಗಿಲ ಮುಂದಿನ ಇಳಿಜಾರು ಹತ್ತಿ, ನಡುಮನೆ ದಾಟಿ, ಅಡುಗೆಮನೆಗೆ ಒಂದು ಸುತ್ತು ಬಂದು ಬಚ್ಚಲುಮನೆಗೆ ತಿರುಗಿದಳು. ಬಾಗಿಲಲ್ಲಿ ಗಾಲಿ 'ಟಕ್' ಎಂದಿತು. ಒಳಗೆ ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ತಟ್ಟಲಿಲ್ಲ. ಆ 'ಟಕ್' ಅವರ ಕಿವಿಗೆ ಬಿದ್ದಿತ್ತು.

ಒಳಗೆ ಹೋದದ್ದೇನೋ ಆಯಿತು, ಹೊರಗೆ ಬರಲಾಗಲಿಲ್ಲ. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಬಾಗಿಲ ಅಂಚಿಗೆ ಬಡಿದು ನಿಂತವು. ಹಿಂದೆ ಸರಿದು ರಭಸದಿಂದ ಬಂದಳು, ಮತ್ತೆ ನಿಂತವು. ಮೂರನೇ ಸಲ ತೋಳಿನ ನರ ಉಬ್ಬುವಷ್ಟು ತಳ್ಳಿದಳು. ಆಗಲಿಲ್ಲ.

ಬಚ್ಚಲ ನೆಲ ಒಂದು ಬೆರಳಿನ ದಪ್ಪದಷ್ಟು ತಗ್ಗಿತ್ತು. ನೀರು ಆಚೆ ಹರಿಯದಿರಲೆಂದು ಮೇಸ್ತ್ರಿ ಜೀವಮಾನವೆಲ್ಲ ಹಾಗೆಯೇ ಮಾಡಿದವರು.

"ಬಿಡಿ ಮೇಸ್ತ್ರೀ, ನಾನಿದ್ದೀನಲ್ಲ. ಬಾಗಿಲಲ್ಲಿ ನಿಂತು ಎಳ್ಕೋತೀನಿ" ಎಂದಳು ತಾಯಿ.

"ಪರ್ವಾಗಿಲ್ಲ ತಾತ" ಎಂದಳು ಮಗಳು, ಮಡಿಲು ನೋಡಿಕೊಳ್ಳುತ್ತ.

ಬೈದಿದ್ದರೂ ಮೇಸ್ತ್ರಿಗೆ ಅಷ್ಟು ನಾಟುತ್ತಿರಲಿಲ್ಲ.

"ಒಂದು ಹಲಗೆ ಓರೆಯಾಗಿ ಇಟ್ಟುಬಿಟ್ರೆ?" ಎಂದರು ಡ್ರೈವರು.

"ನೆಂದ ಹಲಗೆ ಮೇಲೆ ಜಾರಿ ಬಿದ್ರೆ ಬ್ಯಾಂಡೇಜು ನೀವು ಕಟ್ತೀರಾ?" ಎಂದರು ನರ್ಸಮ್ಮ.

ಮೇಸ್ತ್ರಿ ಹುಡುಗಿಯನ್ನು ಸ್ಟೂಲಿಗೆ ದಾಟಿಸಲು ಹೇಳಿ, ತಾವೇ ಗಾಲಿಕುರ್ಚಿಯಲ್ಲಿ ಕೂತರು. ಅಂಚಿಗೆ ಬಂದು ತಳ್ಳಿದರು, ಮತ್ತೊಮ್ಮೆ ತಳ್ಳಿದರು. ಮುಖ ಕೆಂಪಾಯಿತು.

"ತಾತನ ಕಾಲು ನೆಲ ಮುಟ್ತು! ಮೋಸ, ಮೋಸ!" ಎಂದು ಸ್ಟೂಲಿನ ಮೇಲಿಂದ ಹುಡುಗಿ ಕೂಗಿದಳು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು, ಆದರೆ ಕಣ್ಣು ಅಂಚಿನ ಮೇಲೇ ಇತ್ತು. ನಿಂತು ನೋಡಿದರೆ ಒಂದು ಬೆರಳು, ಕೂತು ನೋಡಿದರೆ ಗೋಡೆ.

"ಮೇಷ್ಟ್ರೇ, ನಿಮ್ಮ ಕಾಗದದಲ್ಲಿ ಇದನ್ನ ಬರೆದಿರಲಿಲ್ವಾ?"

"ಬರೆದಿದ್ದೆ. ಕೆಂಪು ಶಾಯಿಯಲ್ಲಿ. ನಿಮ್ಮ ಅಂಗಿ ಅಡೀಲಿತ್ತು."

ಮೇಸ್ತ್ರಿ ಎದ್ದು ಮಂಡಿಗೆ ದಿಂಬು ಕಟ್ಟಿಕೊಂಡು ಉಳಿ, ಸುತ್ತಿಗೆ ತೆಗೆದುಕೊಂಡರು. ಬಾಗಿಲ ಕಡೆಯ ಮೂರು ಸಾಲು ಕಿತ್ತು, ನಡುಮನೆಯ ನೆಲಕ್ಕೆ ಸಮವಾಗಿ ಎಬ್ಬಿಸಿ, ಅಲ್ಲಿಂದ ಹಿಂದಿನ ಗೋಡೆಯ ನೀರಿನ ಕಿಂಡಿಯ ಕಡೆಗೆ ಇಳಿಜಾರು ಕೊಡಬೇಕು. ಸಾಲಿಗೆ ಆರರಂತೆ ಹದಿನೆಂಟು ಟೈಲ್ಸ್. ನೀರಲ್ಲೂ ಜಾರದ ಆ ಒರಟು ಟೈಲ್ಸ್ ಮಿಕ್ಕಿದ್ದು ಹನ್ನೆರಡೇ. ಅಂಗಡಿಯಲ್ಲಿ ಮುಗಿದುಹೋಗಿತ್ತು. ಅಂದರೆ ಆರನ್ನಾದರೂ ಒಡೆಯದೆ ಎಬ್ಬಿಸಬೇಕು.

ಮೊದಲನೆಯದು ಎರಡು ಹೋಳಾಯಿತು. ಎರಡನೆಯದು ನಾಲ್ಕು. ಹಾಳಾದ್ದು, ಎಲ್ಲಿ ತಟ್ಟಿದರೂ ಗಟ್ಟಿ ಸದ್ದು. ಒಂದಾದರೂ ಪೊಳ್ಳು ಸಿಗಲಿ ಎಂದು ಮೇಸ್ತ್ರಿ ಹಾರೈಸಿದ್ದು ಜೀವಮಾನದಲ್ಲಿ ಅದೇ ಮೊದಲು. ಒಂಬತ್ತು ಒಡೆಯುವ ಹೊತ್ತಿಗೆ ಬೆವರು ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು.

ಬಾಗಿಲಲ್ಲಿ ಕೂತಿದ್ದ ಹುಡುಗಿ ಹೇಳಿದಳು: "ತಾತ, ತಪ್ಪು ತಿಳ್ಕೋಬೇಡಿ. ಗಡಿಯಾರದ ಗಾಜು ತೆಗೀವಾಗ ನಾನು ಒಂದೇ ಕಡೆ ಮೀಟೋದಿಲ್ಲ. ಸುತ್ತ ಒಂದೊಂದು ಕೂದಲೆಳೆಯಷ್ಟು ಸಡಿಲಿಸ್ತೀನಿ. ಎರಡು ಸುತ್ತು, ಮೂರು ಸುತ್ತು. ಆಮೇಲೆ ತಾನಾಗೇ ಏಳುತ್ತೆ."

"ಐವತ್ತು ವರ್ಷದ ಮೇಸ್ತ್ರಿಗೇ ಪಾಠ!" ಎಂದರು ಡ್ರೈವರು.

"ಸುಮ್ನಿರಯ್ಯ. ಅವಳು ಹೇಳೋದ್ರಲ್ಲಿ ಕೆಲಸ ಇದೆ" ಎಂದರು ಮೇಸ್ತ್ರಿ.

ಸಂದಿಯ ಸಿಮೆಂಟನ್ನು ನಾಲ್ಕೂ ಕಡೆ ಕೆರೆದು, ಸಣ್ಣ ಉಳಿಯನ್ನು ಒಂದು ಕಡೆ ಒಂದೇ ಏಟು, ಇನ್ನೊಂದು ಕಡೆ ಒಂದೇ ಏಟು ಎಂದು ಸುತ್ತಿಸಿದರು. ಮೂರನೇ ಸುತ್ತಿಗೆ ಅಡಿಯಲ್ಲಿ ಏನೋ ಬಿಟ್ಟುಕೊಂಡಂತಾಯಿತು. ಇಡಿಯಾಗಿ ಬಂತು. "ಒಂದು!" ಎಂದಳು ಹುಡುಗಿ. ಆಮೇಲೆ ಅವಳು ಎಣಿಸುವುದು, ಇವರು ಎಬ್ಬಿಸುವುದು. ಐದರ ನಂತರ ಮೂರು ಒಡೆದವು. ಉಳಿದದ್ದು ಒಂದೇ. ಡ್ರೈವರು ಕೂಡ ಬಾಯಿ ಮುಚ್ಚಿದರು. ಅದನ್ನು ಸಡಿಲಿಸಲು ಅರ್ಧ ಗಂಟೆ ಹಿಡಿಯಿತು.

"ಆರು!"

ಸಂಜೆಗೆ ಹದಿನೆಂಟೂ ಮತ್ತೆ ಕೂತವು. ಈ ಸಲ ಮೇಸ್ತ್ರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದ್ದಲ್ಲದೆ ಮೇಷ್ಟ್ರ ಕಾಗದವನ್ನೂ ನೋಡಿದರು, ಡ್ರೈವರ ಗೋಲಿಯನ್ನೂ ಕೇಳಿ ಇಸಿದುಕೊಂಡರು. ಬಾಗಿಲಲ್ಲಿ ಇಟ್ಟ ಗೋಲಿ ನಿಧಾನವಾಗಿ ಹೊರಟು, ನೇರ ಹೋಗಿ ಕಿಂಡಿಯ ಬಾಯಲ್ಲಿ ನಿಂತಿತು. ಭಾನುವಾರ ನೆಲ ಒಣಗಲೆಂದು ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದರು.

ಸೋಮವಾರ ಸಾಮಾನು ಪೂರ್ತಿ ಇಳಿಸುವ ಮುಂಚೆಯೇ ಹುಡುಗಿ ಟವಲು, ಸೋಪು ಮಡಿಲಲ್ಲಿಟ್ಟುಕೊಂಡು ಬಚ್ಚಲುಮನೆಗೆ ಹೋದಳು. ಒಳಗಿಂದ ಚಿಲಕ ಬಿತ್ತು. ತಾಯಿ ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತಳು. ನರ್ಸಮ್ಮ ಅವಳ ಕೈ ಹಿಡಿದೆಳೆದು ಮೂಟೆಯ ಮೇಲೆ ಕೂರಿಸಿದರು. ಕೈಗಳನ್ನು ಏನು ಮಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಮಡಚಿದ್ದ ಚಾದರವನ್ನೇ ಬಿಡಿಸಿ ಮತ್ತೆ ಮಡಚಿದಳು. ಒಳಗೆ ನೀರು ಸುರಿಯುತ್ತಿತ್ತು, ನಡುನಡುವೆ ಹಾಡಿನ ಗುನುಗು.

"ಮುಕ್ಕಾಲು ಗಂಟೆ ಆಯ್ತಲ್ರೀ" ಎಂದರು ಡ್ರೈವರು.

"ಎರಡು ವರ್ಷದ ಬಾಕಿ ಸ್ನಾನ ಅದು, ಸುಮ್ನೆ ಕೂತ್ಕೊಳ್ಳಿ" ಎಂದರು ನರ್ಸಮ್ಮ.

ಚಿಲಕ ಸರಿಯಿತು. ಮೇಸ್ತ್ರಿ ಕಣ್ಣು ಮುಚ್ಚಿ ಕಿವಿ ಕೊಟ್ಟರು. 'ಟಕ್' ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಹುಡುಗಿ ಒದ್ದೆ ಕೂದಲಲ್ಲಿ ನಡುಮನೆಯ ಮಧ್ಯದಲ್ಲಿದ್ದಳು. ಅವಳ ಹಿಂದೆ ಹೊಸ ನೆಲದ ಮೇಲೆ ಎರಡು ಒದ್ದೆ ಗೆರೆಗಳು. ತಾಯಿ ಬಟ್ಟೆ ಹಿಡಿದು ಒರೆಸಲು ಓಡಿದಳು.

"ಬೇಡ ತಾಯಿ, ಇರ್ಲಿ" ಎಂದರು ಮೇಸ್ತ್ರಿ.

"ಒಂದು ಹನಿ ನೀರೂ ಆಚೆ ಬರಲ್ಲ ಅಂದಿದ್ರಿ ತಾತ?" ಎಂದಳು ಹುಡುಗಿ, ಗೆರೆಗಳನ್ನು ತೋರಿಸಿ.

ಮೇಸ್ತ್ರಿ ಬಗ್ಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಎರಡೂ ಗೆರೆಗಳನ್ನು ಬಾಗಿಲವರೆಗೆ ನೋಡಿದರು.

"ಎಡಗಡೆ ಗಾಲಿ ಸ್ವಲ್ಪ ವಾಲ್ತಿದೆ ಕಣಮ್ಮ" ಎಂದರು. "ನೆಲ ಸರಿಯಾಗಿದೆ."