ತಿಮೆಯೊನನ್ನು ಕಂಡುಹಿಡಿದ ಹದಿನೇಳು ಮಂದಿ

ತಿಮೆಯೊ ಸ್ಕೊರುಪ್ಕಾನನ್ನು ಕಂಡುಹಿಡಿದವರು ಉತ್ತರ ಫ್ರಾನ್ಸಿನ ನಮ್ಮ ನೊಯೆಲ್ ಊರಿನಲ್ಲಿ ಹದಿನೇಳು ಮಂದಿ ಇದ್ದಾರೆ. ಸುಮ್ಮನೆ ಹೇಳುತ್ತಿಲ್ಲ, ಎಣಿಸಿದ್ದೇನೆ. ಫುಟ್‌ಬಾಲ್ ಮೈದಾನದ ಪಕ್ಕದ ತಗಡಿನ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಲೂಗಡ್ಡೆ ಕರಿಯುತ್ತಿರುವವಳು ನಾನು. ಎಣ್ಣೆಯ ಮುಂದೆ ನಿಂತವಳ ಕಿವಿಗೆ ಬೀಳದ ಬಡಾಯಿ ಈ ಊರಿನಲ್ಲಿ ಹುಟ್ಟಿಲ್ಲ. ಔಷಧಿ ಅಂಗಡಿಯವನು ಅವನ ನಡಿಗೆ ನೋಡಿಯೇ ಹೇಳಿದ್ದನಂತೆ. ಮೇಯರು ಅವನು ತೊಟ್ಟಿಲಲ್ಲಿ ಕಾಲು ಒದೆಯುವಾಗಲೇ ಗುರುತಿಸಿದ್ದರಂತೆ. ಎಲ್ಲರಿಗಿಂತ ದೊಡ್ಡ ಬಾಯಿ ನಮ್ಮ ಕ್ಲಬ್ಬಿನ ಕೋಚ್ ದೆಲ್ಪೋರ್ತ್‌ನದು.

"ಮೊದಲನೇ ದಿನವೇ ನಂಗೆ ಗೊತ್ತಾಯ್ತು ಸೋಲಾಂಜ್. ಈ ಹುಡುಗ ಬೇರೆ ಥರ ಅಂತ."

"ಅದಕ್ಕೇ ಎರಡು ವರ್ಷ ಬೆಂಚಿನ ಮೇಲೆ ಕೂರಿಸಿದ್ರಾ?"

"ಅದು... ಹಣ್ಣಾಗ್ಲಿ ಅಂತ."

"ಬಾಳೆಗೊನೆ ನೋಡಿ ಅವ್ನು! ಎದೆ ಇಲ್ಲ, ತೊಡೆ ಇಲ್ಲ, ಇವನನ್ನ ಗಾಳಿ ಹೊತ್ಕೊಂಡು ಹೋಗತ್ತೆ ಅಂದಿದ್ದು ಯಾರು, ನಾನಾ?"

ದೆಲ್ಪೋರ್ತ್ ಬಿಯರ್ ಲೋಟದೊಳಗೆ ಮುಖ ಇಳಿಸಿದ. ಅವನಿಗೆ ಉತ್ತರ ತೋಚದಾಗಲೆಲ್ಲ ಬಾಯಾರಿಕೆಯಾಗುತ್ತದೆ.

ನಿಜಕ್ಕೂ ತಿಮೆಯೊಗೆ ಆಟ ಕಲಿಸಿದವನು ಅವನ ಅಣ್ಣ ಗ್ರೆಗೊರಿ. ತಮ್ಮನಿಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಕಡಲತೀರದ ಯಾವಳನ್ನೋ ಕಟ್ಟಿಕೊಂಡು ಹೋದ ಮೇಲೆ ತಾಯಿ ಎಡ್ವಿಜ್ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಗ್ರೆಗೊರಿ ಓದು ಬಿಟ್ಟು ಬಸ್ ಡಿಪೋ ಸೇರಿ, ಮೊದಲು ಚಕ್ರ ತೊಳೆದು, ಆಮೇಲೆ ಡ್ರೈವರ್ ಆದ. ಅವನೂ ನಮ್ಮ ಕ್ಲಬ್ಬಿನಲ್ಲಿ ಮಿಡ್‌ಫೀಲ್ಡರ್. ದೊಡ್ಡ ಕ್ಲಬ್ಬಿನವರು ಒಮ್ಮೆ ಅವನನ್ನು ನೋಡಲು ಬರುವವರಿದ್ದರು. ಆ ಭಾನುವಾರ ಎಡ್ವಿಜ್‌ಗೆ ಪಾಳಿ ಬಿದ್ದಿತ್ತು, ಚಿಕ್ಕವನಿಗೆ ಜ್ವರ ಬಂದಿತ್ತು. ಗ್ರೆಗೊರಿ ಆಟಕ್ಕೆ ಬರಲಿಲ್ಲ. ಅದರ ಬಗ್ಗೆ ಅವನು ಯಾವತ್ತೂ ಮಾತೆತ್ತಿಲ್ಲ. ಊರಿನವರೂ ಎತ್ತುವುದಿಲ್ಲ, ಏಕೆಂದರೆ ಊರಿಗೆ ಅದು ನೆನಪೇ ಇಲ್ಲ.

ಹಳೇ ಕಲ್ಲಿದ್ದಲು ಗಣಿಯ ಕೆಲಸಗಾರರ ಸ್ನಾನದ ಮನೆಗೆ ಒಂದು ದಪ್ಪ ಇಟ್ಟಿಗೆಯ ಗೋಡೆಯಿದೆ, ನನ್ನ ಕ್ಯಾಂಟೀನಿನ ಎದುರಿಗೇ. ಪಾಳಿ ಮುಗಿಸಿ ಬಂದ ಗ್ರೆಗೊರಿ ಚೆಂಡನ್ನು ಆ ಗೋಡೆಗೆ ಒದೆಯುತ್ತಿದ್ದ. ಅದು ವಾಪಸು ತಿಮೆಯೊನ ಕಾಲಿಗೆ ಬರುವಷ್ಟರಲ್ಲಿ ತಾನು ಅವನ ಬೆನ್ನ ಹಿಂದೆ ಹೋಗಿ ಬೆರಳು ಎತ್ತಿ ಹಿಡಿಯುತ್ತಿದ್ದ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಚೆಂಡು ಮುಟ್ಟುವ ಮುಂಚೆ ತಿಮೆಯೊ ಹೆಗಲ ಮೇಲಿಂದ ಹಿಂದೆ ನೋಡಿ ಎಷ್ಟು ಬೆರಳು ಎಂದು ಹೇಳಬೇಕು.

"ಎಷ್ಟು?"

"ಮೂರು!"

"ಎರಡು. ಗಿಣಿ ಥರ ಕೂಗ್ಬೇಡ, ನೋಡಿ ಹೇಳು. ಮತ್ತೆ."

"ಕತ್ತು ನೋಯತ್ತೆ ಗ್ರೆಗ್."

"ನೋಯ್ಲಿ. ನಡುವೆ ಆಡೋನಿಗೆ ಬೆನ್ನಲ್ಲೂ ಕಣ್ಣಿರ್ಬೇಕು ಕಣೋ. ಮತ್ತೆ."

ಆರು ವರ್ಷ ಹೀಗೇ ನಡೆಯಿತು. ಮಂಜು ಬಿದ್ದರೂ ಬಿಟ್ಟಿಲ್ಲ. ಹದಿನೇಳು ಮಂದಿಯಲ್ಲಿ ಒಬ್ಬನಾದರೂ ಆ ಗೋಡೆಯ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ.

ಹದಿಮೂರಕ್ಕೆ ತಿಮೆಯೊನನ್ನು ಒಂದು ದೊಡ್ಡ ಕ್ಲಬ್ಬಿನ ತರಬೇತಿ ಶಾಲೆಯವರು ಕರೆದುಕೊಂಡು ಹೋದರು. ಹದಿನೆಂಟಕ್ಕೆ ಅವನು ಮೊದಲ ದರ್ಜೆಯ ಪಂದ್ಯದಲ್ಲಿ ಕೊನೆಯ ಏಳು ನಿಮಿಷ ಆಡಿದ. ಏಳು ನಿಮಿಷ! ಅಷ್ಟರಲ್ಲಿ ನನ್ನ ಆಲೂಗಡ್ಡೆ ಒಂದು ಸುತ್ತು ಬೇಯುತ್ತದೆ, ಅಷ್ಟೆ. ಮರುದಿನವೇ ಮೇಯರು ಪುರಸಭೆಯ ಮುಂಬಾಗಿಲಿಗೆ ಎರಡು ಮಹಡಿ ಎತ್ತರದ ಬ್ಯಾನರ್ ಕಟ್ಟಿಸಿದರು. ಅದರಲ್ಲಿ ತಿಮೆಯೊನ ಮುಖಕ್ಕಿಂತ ಪುರಸಭೆಯ ಮುದ್ರೆಯೇ ದೊಡ್ಡದಾಗಿತ್ತು.

ಹುಡುಗನ ತಲೆ ತಿರುಗಲು ಇನ್ನೇನು ಬೇಕು? ಮೊದಲು ಕೂದಲು ಬೆಳ್ಳಗಾಯಿತು, ವಯಸ್ಸಿನಿಂದಲ್ಲ, ಬಣ್ಣದ ಬಾಟಲಿಯಿಂದ. ಆಮೇಲೆ ಬ್ಲೋಂದೆಲ್ ಎಂಬ ಸಲಹೆಗಾರ ಬಂದ. ಅವನು ಬರುವ ಮುಂಚೆ ಅವನ ಸೆಂಟಿನ ವಾಸನೆ ಬರುತ್ತಿತ್ತು, ಅವನು ಹೋದ ಮೇಲೂ ಹೋಗುತ್ತಿರಲಿಲ್ಲ. ತಿಮೆಯೊ ಯಾರ ಜೊತೆ ಮಾತಾಡಬೇಕು, ಯಾವ ಬಣ್ಣದ ಬೂಟು ಹಾಕಬೇಕು, ಅಮ್ಮನಿಗೆ ಯಾವಾಗ ಫೋನ್ ಮಾಡಬೇಕು ಎಂಬುದನ್ನೆಲ್ಲ ಬ್ಲೋಂದೆಲ್ ಗೊತ್ತುಮಾಡುತ್ತಿದ್ದ. ಎಡ್ವಿಜ್ ಭಾನುವಾರದ ಊಟಕ್ಕೆ ಕರೆದರೆ ಉತ್ತರ ಬ್ಲೋಂದೆಲ್‌ನಿಂದ ಬರುತ್ತಿತ್ತು: ಆಟಗಾರನ ದೇಹಕ್ಕೆ ವಿಶ್ರಾಂತಿ ಬೇಕಾಗಿದೆ. ತಾಯಿಯ ಮನೆಯ ಕುರ್ಚಿಯಲ್ಲಿ ಕೂತು ಎಲೆಕೋಸಿನ ಸಾರು ಕುಡಿದರೆ ಅದೆಂಥ ದಣಿವೋ!

ಒಂದು ಶನಿವಾರ ನನ್ನ ಕ್ಯಾಂಟೀನಿನ ಟೀವಿಯಲ್ಲಿ ಅವನ ಸಂದರ್ಶನ ಬಂತು. ಕಿಕ್ಕಿರಿದು ನಿಂತು ನೋಡಿದೆವು. ನಿಮ್ಮ ಆಟಕ್ಕೆ ಗುರು ಯಾರು ಎಂದು ಕೇಳಿದರು.

"ಯಾರೂ ಇಲ್ಲ," ಎಂದ ತಿಮೆಯೊ, ಗಲ್ಲ ಎತ್ತಿ. "ನಂದು ಹುಟ್ಟಿನಿಂದ ಬಂದಿದ್ದು. ನಮ್ಮೂರಲ್ಲಿ ಏನಿದೆ? ಕಲ್ಲಿದ್ದಲ ಗುಡ್ಡ ಇದೆ, ಮಳೆ ಇದೆ. ಅಲ್ಲಿ ಯಾರು ಏನು ಕಲಿಸ್ತಾರೆ?"

ಹದಿನೇಳು ಮುಖಗಳು ಒಟ್ಟಿಗೆ ಬಾಡಿದ್ದನ್ನು ನೋಡಿ ನನಗೆ ನಗು ಬಂತು. ನಗು ಅರ್ಧದಲ್ಲೇ ನಿಂತಿತು, ಗ್ರೆಗೊರಿ ಮೂಲೆಯಲ್ಲಿ ಇದ್ದ. ಡ್ರೈವರಿನ ಕೋಟು ಇನ್ನೂ ಬಿಚ್ಚಿರಲಿಲ್ಲ.

"ಕೇಳಿಸ್ಕೊಂಡ್ಯಾ?" ಎಂದೆ.

"ಮಯೋನೇಸ್ ಸ್ವಲ್ಪ ಕೊಡಿ ಸೋಲಾಂಜ್," ಎಂದ. ತಟ್ಟೆ ಖಾಲಿ ಮಾಡಿ ಹೋದ.

ತಿಮೆಯೊಗೆ ಇಪ್ಪತ್ತು ತುಂಬಿದ ಚಳಿಗಾಲದಲ್ಲಿ, ದೊಡ್ಡ ಕ್ಲಬ್ಬು ಸಣ್ಣ ಕ್ಲಬ್ಬು ಎನ್ನದೆ ಎಲ್ಲರೂ ಆಡುವ ಫ್ರೆಂಚ್ ಕಪ್ಪಿನಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿದರು. ಬಸ್ ಡ್ರೈವರು, ಕೊಳಾಯಿ ರಿಪೇರಿಯವರು, ಶಾಲೆ ಮೇಷ್ಟರು ಆಡುವ ನಮ್ಮ ನೊಯೆಲ್ ತಂಡದ ಎದುರಿಗೆ ಬಂದದ್ದು ತಿಮೆಯೊನ ಕ್ಲಬ್ಬು. ಅದೂ ನಮ್ಮ ಮೈದಾನದಲ್ಲೇ. ಊರಿಗೆ ಹುಚ್ಚು ಹಿಡಿಯಿತು. ನಮ್ಮ ತಂಡ ಗೆಲ್ಲಲಿ, ಆದರೆ ತಿಮೆಯೊ ಗೋಲು ಹೊಡೆಯಲಿ ಎಂದು ಹರಕೆ ಹೊತ್ತ ಬುದ್ಧಿವಂತರೂ ಇದ್ದರು.

ಜನವರಿಯ ಆ ಮಧ್ಯಾಹ್ನ ನೆಲ ಅರ್ಧ ಕೆಸರು, ಅರ್ಧ ಹೆಪ್ಪುಗಟ್ಟಿದ ಗಾಜು. ದೊಡ್ಡ ಬಸ್ಸು ಬಂತು. ಎಡ್ವಿಜ್ ಬೆಳಿಗ್ಗೆಯೇ ಗಸಗಸೆ ತುಂಬಿದ ಕೇಕು ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ತಿಮೆಯೊ ಇಳಿದ. ಕಿವಿಯ ಮೇಲೆ ತಟ್ಟೆಯಷ್ಟು ಅಗಲದ ಹೆಡ್‌ಫೋನು.

"ತಿಮೆಯೊ! ಮಗಾ!"

ಅವನು ಒಂದು ಕಿವಿ ಮಾತ್ರ ಎತ್ತಿದ. "ಆಮೇಲೆ ಅಮ್ಮಾ. ಈಗ ಮನಸ್ಸು ಕದಡ್ಬಾರ್ದು."

ಕದಡಲು ಅಲ್ಲಿ ಅಷ್ಟೇನಿತ್ತೋ ನಾನು ಕಾಣೆ. ಎಡ್ವಿಜ್ ಕೇಕನ್ನು ಅವರ ಬಸ್ಸಿನ ಡ್ರೈವರಿಗೆ ಕೊಟ್ಟಳು. ಅವನು ಚೂರೂ ಬಿಡದೆ ತಿಂದು, ಬಟ್ಟೆ ಮಡಚಿ, ಎರಡು ಸಲ ವಂದನೆ ಹೇಳಿ ವಾಪಸು ಕೊಟ್ಟ. ಆ ಇಡೀ ಬಸ್ಸಿನಲ್ಲಿ ಮರ್ಯಾದಸ್ಥ ಅವನೊಬ್ಬನೇ.

ಆಟ ಶುರುವಾಯಿತು. ನಡುಮೈದಾನದಲ್ಲಿ ಅಣ್ಣ ತಮ್ಮ ಎದುರುಬದುರು. ಮೊದಲ ಹತ್ತು ನಿಮಿಷ ತಿಮೆಯೊ ಚೆಂಡನ್ನು ಬೂಟಿನ ತುದಿಯಲ್ಲಿ ಮುದ್ದಿಸಿ, ಜನ ಕೂಗುವಂತೆ ಎರಡು ಸಲ ಕುಣಿದ. ಗ್ರೆಗೊರಿ ಹತ್ತಿರ ಹೋಗಲಿಲ್ಲ, ದೂರ ನಿಂತು ನೋಡಿದ. ನಂತರ ತಿಮೆಯೊ ಬೆನ್ನು ತಿರುಗಿಸಿ ಪಾಸ್ ಪಡೆಯುತ್ತಿದ್ದಂತೆ ಬಲಗಡೆಯಿಂದ ಬಂದು ಚೆಂಡು ಕಿತ್ತುಕೊಂಡ. ತಳ್ಳಲಿಲ್ಲ, ಬೀಳಿಸಲಿಲ್ಲ, ಮೇಜಿನ ಮೇಲಿನ ಲೋಟ ಎತ್ತಿಕೊಂಡಂತೆ ಎತ್ತಿಕೊಂಡ. ಕಾಲು ಗಂಟೆ ಬಿಟ್ಟು ಮತ್ತೆ ಬಲಗಡೆಯಿಂದಲೇ. ಮೂರನೇ ಸಲ ಕಿತ್ತ ಚೆಂಡನ್ನು ಮುಂದಕ್ಕೆ ನೂಕಿದ. ನಮ್ಮ ಕೊಳಾಯಿ ರಿಪೇರಿಯವನು ಅದನ್ನು ಗೋಲಿನೊಳಗೆ ಹಾಕಿದ.

ಆಗ ಶುರುವಾಯಿತು ಸಿಳ್ಳೆ. ತಿಮೆಯೊ ಚೆಂಡು ಮುಟ್ಟಿದಾಗಲೆಲ್ಲ ಸಿಳ್ಳೆ. ಔಷಧಿ ಅಂಗಡಿಯವನು ಎರಡು ಬೆರಳು ಬಾಯಿಗಿಟ್ಟು ಊದಿದ. ಮೇಯರು ಕೈ ಅಡ್ಡ ಹಿಡಿದುಕೊಂಡು ಊದಿದರು. ದೆಲ್ಪೋರ್ತ್ ಗಂಟಲು ಹರಿದುಕೊಂಡ: "ನಾನು ಆವಾಗ್ಲೇ ಹೇಳಿರ್ಲಿಲ್ವಾ, ಇವನನ್ನ ಗಾಳಿ ಹೊತ್ಕೊಂಡು ಹೋಗತ್ತೆ ಅಂತ!"

ಅರವತ್ತನೇ ನಿಮಿಷಕ್ಕೆ ಅವನನ್ನು ಹೊರಗೆ ಕರೆದರು. ಅವನು ತನ್ನ ಕೋಚಿನ ಕೈ ತಳ್ಳಿ, ನೀರಿನ ಬಾಟಲಿಗಳ ಸಾಲನ್ನು ಒದ್ದ. ಸಂಜೆಯೊಳಗೆ ದೇಶವೆಲ್ಲ ಆ ವಿಡಿಯೊ ನೋಡಿತು. ಪಂದ್ಯವನ್ನು ಅವರೇ ಗೆದ್ದರು, ಮೂರು ಒಂದು. ನಮ್ಮವರಿಗೆ ಎಪ್ಪತ್ತು ನಿಮಿಷಕ್ಕೆ ಉಸಿರು ಮುಗಿದಿತ್ತು. ಆದರೆ ಆ ದಿನ ಎಲ್ಲರ ಬಾಯಲ್ಲೂ ಇದ್ದದ್ದು ಒದ್ದ ಬಾಟಲಿ ಮಾತ್ರ.

ಆಟ ಮುಗಿದ ಮೇಲೆ ತಿಮೆಯೊ ನೇರ ನನ್ನ ಕ್ಯಾಂಟೀನಿಗೆ ನುಗ್ಗಿದ. ಗ್ರೆಗೊರಿ ಕಾಲುಚೀಲ ಬಿಚ್ಚುತ್ತಾ ಬೆಂಚಿನ ಮೇಲೆ ಕೂತಿದ್ದ.

"ಹೊಟ್ಟೆ ತಣ್ಣಗಾಯ್ತಾ? ಸ್ವಂತ ತಮ್ಮನ್ನ ಊರೆದುರು ನೆಲಕ್ಕೆ ಹಾಕಿದೆ. ನೀನು ದೊಡ್ಡ ಆಟಗಾರ ಆಗ್ಲಿಲ್ಲ, ಅದಕ್ಕೆ ನಾನೂ ಆಗ್ಬಾರ್ದು, ಅಷ್ಟೇ ತಾನೆ?"

ಗ್ರೆಗೊರಿ ತಲೆ ಎತ್ತಿದ. "ಬಲಗಡೆ ನೋಡೋದು ಯಾವಾಗ ಬಿಟ್ಟೆ?"

"ಏನು?"

"ಬಲ ಹೆಗಲು. ಎಡಕ್ಕೆ ಮಾತ್ರ ತಿರುಗ್ತೀಯ. ಆರು ತಿಂಗಳಿಂದ ಟೀವೀಲಿ ನೋಡ್ತಿದೀನಿ. ಫೋನ್ ಮಾಡಿ ಹೇಳೋಣ ಅಂದ್ರೆ ಆ ಸೆಂಟಿನವ್ನು ಎತ್ತುತ್ತಾನೆ."

ನಾನು ಸೌಟು ಕೆಳಗಿಟ್ಟೆ. ತಡೆಯಲಾಗಲಿಲ್ಲ.

"ನಿನ್ನ ಜ್ವರಕ್ಕೆ ತನ್ನ ಭಾನುವಾರ ಕೊಟ್ಟವ್ನು ಇವ್ನು. ಗೊತ್ತಿಲ್ವಾ? ಗೊತ್ತಿರೋದು ಬೇಡ, ನಿನ್ನ ಮನಸ್ಸು ಕದಡತ್ತೆ. ಹೋಗು, ನಿನ್ನ ಬಸ್ಸು ಕಾಯ್ತಿದೆ. ಬಾಗಿಲು ಹಾಕ್ಕೊಂಡು ಹೋಗು, ಚಳಿ."

ಬಾಗಿಲು ಹಾಕದೆಯೇ ಹೋದ. ಗ್ರೆಗೊರಿ ನನ್ನ ಮೇಲೆ ಸಿಟ್ಟಾದ. "ಅದನ್ನ ಹೇಳಬಾರ್ದಿತ್ತು," ಎಂದು ಎರಡು ವಾರ ನನ್ನ ಕ್ಯಾಂಟೀನಿಗೆ ಬರಲಿಲ್ಲ. ಒಳ್ಳೆಯವರ ಜೊತೆ ಬದುಕುವುದು ಹೀಗೆ ಕಷ್ಟ.

ಆಮೇಲಿನದು ಬೇಗ ಹೇಳಬಹುದು, ಏಕೆಂದರೆ ಅದು ಬೇಗ ನಡೆಯಿತು. ಕ್ಲಬ್ಬು ಅವನನ್ನು ಎರಡನೇ ದರ್ಜೆಯ ತಂಡಕ್ಕೆ ಎರವಲು ಕೊಟ್ಟಿತು. ಅವರು ಬೆಂಚಿನ ಮೇಲೆ ಕೂರಿಸಿ, ಬೆಲ್ಜಿಯಮ್ಮಿಗೆ ದಾಟಿಸಿದರು. ಅಲ್ಲಿನ ಕೋಚು ಅವನ ಹೆಸರನ್ನು ಸರಿಯಾಗಿ ಹೇಳಲು ಕಲಿಯುವ ಮುಂಚೆಯೇ ಕೆಲಸ ಕಳೆದುಕೊಂಡ. ಇಪ್ಪತ್ತೆರಡಕ್ಕೆ ತಿಮೆಯೊಗೆ ಯಾವ ಕ್ಲಬ್ಬೂ ಇರಲಿಲ್ಲ. ಬ್ಲೋಂದೆಲ್‌ನ ಫೋನು ಮೊದಲು ಯಾವಾಗಲೂ ಬಿಜಿ, ನಂತರ ಸ್ವಿಚ್ ಆಫ್. ಮೇಯರು ಬ್ಯಾನರನ್ನು ಇಳಿಸಿದರು. ಬಟ್ಟೆ ಗಟ್ಟಿಯಾಗಿತ್ತು, ಬಿಸಾಡಲು ಮನಸ್ಸಾಗಲಿಲ್ಲ; ಹಿಂಬದಿಯಲ್ಲಿ 'ಹಳೇ ಸಾಮಾನಿನ ಸಂತೆ, ಭಾನುವಾರ' ಎಂದು ಬರೆಸಿದರು. ಗಾಳಿ ಬೀಸಿದಾಗ ಒಳಗಿನಿಂದ ಬಿಳಿ ಕೂದಲು ಇಣುಕುತ್ತಿತ್ತು.

ತಿಮೆಯೊ ತಾಯಿಯ ಮನೆಯ ಮೇಲಿನ ಕೋಣೆಗೆ ವಾಪಸು ಬಂದ. ಟೋಪಿ ಕಣ್ಣಿನ ತನಕ ಎಳೆದುಕೊಂಡು ಓಡಾಡುತ್ತಿದ್ದ, ಯಾರಾದರೂ ಗುರುತು ಹಿಡಿದಾರೆಂದು. ಹಿಡಿಯುವವರು ಯಾರಿದ್ದರು? ಅವನನ್ನು ಕಂಡುಹಿಡಿದವರೆಲ್ಲ ಅಷ್ಟರಲ್ಲಿ ಪಕ್ಕದ ಊರಿನ ಒಬ್ಬ ಗೋಲ್‌ಕೀಪರನ್ನು ಕಂಡುಹಿಡಿಯುತ್ತಿದ್ದರು.

ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಸಂತೆಗೆ ಹೋಗಲು ಗ್ರೆಗೊರಿಯ ಬಸ್ಸಿನಲ್ಲಿ ಕೂತಿದ್ದೆ. ಗಣಿ ಕಾಲೋನಿಯ ನಿಲ್ದಾಣದಲ್ಲಿ ತಿಮೆಯೊ ಹತ್ತಿದ, ಹೆಗಲಿಗೆ ಬೂಟಿನ ಚೀಲ. ಆ ಪಂದ್ಯದ ನಂತರ ಅಣ್ಣ ತಮ್ಮ ಒಂದು ಮಾತೂ ಆಡಿರಲಿಲ್ಲ. ಒಂದೇ ಮನೆಗೆ ಊಟಕ್ಕೆ ಬಂದರೂ ಒಬ್ಬ ಎದ್ದ ಮೇಲೆ ಇನ್ನೊಬ್ಬ ಕೂರುತ್ತಿದ್ದ.

"ಟಿಕೆಟ್," ಎಂದ ಗ್ರೆಗೊರಿ.

"ಗ್ರೆಗ್, ನಾನು."

"ಕಾಣ್ತಿದೆ. ಟಿಕೆಟ್."

ತಿಮೆಯೊ ಜೇಬೆಲ್ಲ ತಡಕಾಡಿ ಟಿಕೆಟ್ ಕೊಂಡ. ಕೂರಲಿಲ್ಲ, ಕಂಬ ಹಿಡಿದು ಅಣ್ಣನ ಪಕ್ಕದಲ್ಲೇ ನಿಂತ. ಮೂರು ನಿಲ್ದಾಣ ಕಳೆಯಿತು.

"ನಿನ್ನ ಹತ್ರ ನಂಗೇನೂ ಕೇಳೋಕಿಲ್ಲ," ಎಂದ ಕೊನೆಗೆ.

"ಹಾಗಾದ್ರೆ ಮುಂದಿನ ಸ್ಟಾಪಲ್ಲಿ ಇಳಿ."

ಸ್ಟಾಪು ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಅವನು ಇಳಿಯಲಿಲ್ಲ.

"ಆ ಭಾನುವಾರದ ವಿಷಯ ಅಮ್ಮನ್ನ ಕೇಳ್ದೆ. ಅತ್ತುಬಿಟ್ಟಳು."

"ಅವಳನ್ನ ಯಾಕೆ ಅಳಿಸ್ತೀಯ? ನನ್ನನ್ನ ಕೇಳ್ಬೇಕಿತ್ತು."

"ನಿನ್ನನ್ನ ಕೇಳೋಕೆ ಧೈರ್ಯ ಇರ್ಲಿಲ್ಲ. ಗ್ರೆಗ್... ನಂಗೆ ಆಡೋಕೇ ಬರ್ತಿಲ್ಲ. ಚೆಂಡು ಬರ್ತಿದೆ ಅಂದ್ರೆ ಯಾವ ಕಡೆ ತಿರುಗ್ಬೇಕೋ ಗೊತ್ತಾಗಲ್ಲ. ನೀನು ಒಂದ್ಸಲ ನೋಡ್ತೀಯಾ?"

ಗ್ರೆಗೊರಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮೂರೂವರೆಗೆ ಪಾಳಿ ಮುಗಿಯತ್ತೆ. ಆ ಟೋಪಿ ಮನೇಲಿಟ್ಟು ಬಾ."

ನಾನು ಇಳಿಯಬೇಕಾದ ನಿಲ್ದಾಣ ಎರಡು ಸ್ಟಾಪು ಹಿಂದೆಯೇ ಹೋಗಿತ್ತು. ಸಂತೆಗೆ ನಡೆದುಕೊಂಡು ಹೋದೆ, ಬೈದುಕೊಂಡು.

ಒಂಬತ್ತು ವಾರ ಅವರು ಅದೇ ಇಟ್ಟಿಗೆಯ ಗೋಡೆಯ ಮುಂದೆ ಬೆವರು ಸುರಿಸಿದರು. ಸೆಪ್ಟೆಂಬರಿನಲ್ಲಿ ದಕ್ಷಿಣದ ಬೆಟ್ಟಗಳ ಕಡೆಯ, ನಕ್ಷೆಯಲ್ಲಿ ಹುಡುಕಬೇಕಾದಂಥ ಒಂದು ಊರಿನ ಮೂರನೇ ದರ್ಜೆಯ ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಎರಡನೇ ವರ್ಷಕ್ಕೆ ಆ ತಂಡ ಎರಡನೇ ದರ್ಜೆಗೆ ಏರಿತು. ಅದರ ಮೇಲೆ ಏರಿಲ್ಲ, ಏರುವ ಹಾಗೂ ಕಾಣುವುದಿಲ್ಲ.

ಹೋದ ತಿಂಗಳು ಎಡ್ವಿಜ್ ನನ್ನನ್ನೂ ಎಳೆದುಕೊಂಡು ಹೋದಳು, ಎರಡು ರೈಲು, ಒಂದು ಬಸ್ಸು. ಗ್ರೆಗೊರಿಗೆ ರಜೆ ಸಿಗಲಿಲ್ಲ. ತಿಮೆಯೊ ಈಗ ರಕ್ಷಣೆಯವರ ಮುಂದೆ ನಿಂತು, ಚೆಂಡು ಕಿತ್ತು, ಹತ್ತಿರದವನಿಗೆ ಕೊಟ್ಟು, ಮತ್ತೆ ಜಾಗಕ್ಕೆ ಬರುತ್ತಾನೆ. ತೊಂಬತ್ತು ನಿಮಿಷ ಅಷ್ಟೇ. ನನ್ನ ಪಕ್ಕದ ಮುದುಕ ಕೇಳಿದ:

"ಆ ಆರನೇ ನಂಬರಿನವ್ನು ಏನು ಮಾಡ್ತಾನೆ ಅಂತ ನಿಮಗೇನಾದ್ರೂ ಗೊತ್ತಾಗತ್ತಾ?"

"ಕೆಲಸ ಮಾಡ್ತಾನೆ," ಎಂದೆ. "ನೀವು ಯಾವತ್ತೂ ನೋಡಿಲ್ವಾ?"

ಎಡ್ವಿಜ್ ಮುಖ ಆಚೆ ತಿರುಗಿಸಿ ನಕ್ಕಳು. ಪಂದ್ಯ ಸೊನ್ನೆ ಸೊನ್ನೆ. ತಿಮೆಯೊ ಒದ್ದೆ ತಲೆಯಲ್ಲೇ ಗೇಟಿಗೆ ಓಡಿ ಬಂದ. ಅಮ್ಮನ ಕೆನ್ನೆಗೆ ಎರಡು ಮುತ್ತು, ನನ್ನ ಕೆನ್ನೆಗೆ ಎರಡು. ಕೂದಲಿಗೆ ಮತ್ತೆ ಆ ಬಾಟಲಿ ತಾಗಿದೆ.

"ಸೋಲಾಂಜ್, ನೀವು ಇಷ್ಟು ದೂರ ಬಂದ್ರಾ! ಹೆಂಗಾಡ್ದೆ?"

"ನಾನು ನಿದ್ದೆ ಮಾಡ್ಬಿಟ್ಟೆ," ಎಂದೆ.

ಅವನು ಜೋರಾಗಿ ನಕ್ಕ. ಮೊದಲಾಗಿದ್ದರೆ ಮುಖ ಊದುತ್ತಿತ್ತು. ನಮ್ಮಿಬ್ಬರ ಚೀಲಗಳನ್ನೂ ಎತ್ತಿಕೊಂಡು, ರೈಲು ನಿಲ್ದಾಣದವರೆಗೆ ಬರುತ್ತೇನೆಂದು ಮುಂದೆ ನಡೆದ.